ಹಳೇ ವಿಡಿಯೋ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಏರಿಸುವ ಗೋಳು

ಮೊದಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಯಿಂದ ಚಿತ್ರ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಇದೊಂದು ಗೊತ್ತಿದ್ದರೆ ನನ್ನದೊಂದು ವಾರ ಉಳಿಯುತ್ತಿತ್ತು. ಒಂದು ತುದಿಗೆ ಹಳದಿ, ಬಿಳಿ, ಕೆಂಪು ಪಿನ್ನು, ಇನ್ನೊಂದು ತುದಿಗೆ ಎಚ್‌ಡಿಎಂಐ ಇರುವ ಕೇಬಲ್ಲನ್ನು ಆಸೆಯಿಂದ ತರಿಸಿಕೊಂಡೆ. ಎರಡೂ ತುದಿ ಟಪ್ ಅಂತ ಕೂತವು. ವಿಸಿಆರ್‌ನಲ್ಲಿ, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರದಲ್ಲಿ, ಟೇಪು ತಿರುಗುತ್ತಿತ್ತು, ಲ್ಯಾಪ್‌ಟಾಪ್ ಮಾತ್ರ ಏನೂ ಆಗಿಲ್ಲವೆಂಬಂತೆ ತನ್ನ ಪಾಡಿಗೆ ತಾನಿತ್ತು. ಆ ಕೇಬಲ್ಲಿನೊಳಗೆ ಬರೀ ವೈರು. ವಿಸಿಆರ್ ಕೊಡುವುದು ಅನಲಾಗ್ (ಏರಿಳಿಯುವ ಅಲೆ), ಕಂಪ್ಯೂಟರಿಗೆ ಬೇಕಾದ್ದು ಡಿಜಿಟಲ್ (ಅಂಕಿಗಳು). ನಡುವೆ ಒಂದು ಚಿಪ್ ಕೂತು ಅದನ್ನು ಬದಲಾಯಿಸಬೇಕು.

ಆ ಚಿಪ್ ಇರುವ ಪುಟ್ಟ ಪೆಟ್ಟಿಗೆಗೇ ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್ ಅನ್ನುತ್ತಾರೆ. ಕೊಳ್ಳುವಾಗ ಒಂದೇ ವಿಷಯ ನೋಡಿ: ಅದು ಯುವಿಸಿ ಬಗೆಯದಾ? ಹೌದಾದರೆ ಡ್ರೈವರ್ ಬೇಡ, ವೆಬ್‌ಕ್ಯಾಮ್ ಹಾಗೆ ಚುಚ್ಚಿದ ಕೂಡಲೇ ಕಾಣುತ್ತದೆ. ಅಲ್ಲವಾದರೆ ಜೊತೆಗೆ ಒಂದು ಸಣ್ಣ ಸಿಡಿ ಬರುತ್ತದೆ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕಲು ಜಾಗವೇ ಇರುವುದಿಲ್ಲ. ಈಸಿಕ್ಯಾಪ್ ಹೆಸರಿನಲ್ಲಿ ಸಿಗುವ ಡಾಂಗಲ್‌ಗಳಂತೂ ಹೊರಗಿನಿಂದ ಎಲ್ಲ ಒಂದೇ ಥರ, ಒಳಗಿನ ಚಿಪ್ ಬೇರೆ ಬೇರೆ. ಒಬ್ಬರದಕ್ಕೆ ಹಿಡಿಸಿದ ಡ್ರೈವರ್ ಇನ್ನೊಬ್ಬರದಕ್ಕೆ ಹಿಡಿಸುವುದಿಲ್ಲ.

ಡಾಂಗಲ್ ಕೈಗೆ ಬಂದ ಕೂಡಲೇ ಕಂಪ್ಯೂಟರಿಗೆ ಚುಚ್ಚಬೇಡಿ. ಮೊದಲು ವಿಸಿಆರ್ ಅನ್ನು ಟಿವಿಗೆ ಹಾಕಿ, ಚಿತ್ರ ಮತ್ತು ಸದ್ದು ಎರಡೂ ಬರುತ್ತಿವೆಯಾ ನೋಡಿ. ಟಿವಿಯಲ್ಲೇ ಬರದಿದ್ದರೆ ತಪ್ಪು ಟೇಪಿನದು ಅಥವಾ ವಿಸಿಆರ್‌ನದು, ಕಂಪ್ಯೂಟರಿಗೆ ಬೈದು ಪ್ರಯೋಜನವಿಲ್ಲ. ವಿಸಿಆರ್ ಹಿಂದೆ ಇನ್ ಅಂತ ಒಂದು ಸಾಲು, ಔಟ್ ಅಂತ ಒಂದು ಸಾಲು ಇರುತ್ತದೆ, ಕತ್ತಲಲ್ಲಿ ಕೈ ಹಾಕಿ ಚುಚ್ಚಿದರೆ ಇನ್‌ಗೇ ಹೋಗಿರುತ್ತದೆ, ಟಾರ್ಚ್ ಹಿಡಿದು ನೋಡಿ. ಟೇಪಿನ ಕಿಟಕಿಯಲ್ಲಿ ಬಿಳಿ ಪುಡಿಯಂತೆ ಬೂಷ್ಟು ಕಂಡರೆ ಮಾತ್ರ ವಿಸಿಆರ್ ಒಳಗೆ ಹಾಕಲೇಬೇಡಿ. ಅದು ಟೇಪನ್ನು ಓದುವ ಹೆಡ್‌ಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಟೇಪಿಗೂ ಹತ್ತುತ್ತದೆ.

ಕ್ಯಾಮ್‌ಕಾರ್ಡರ್ ಇದ್ದವರಿಗೆ ಇನ್ನೊಂದು ತಮಾಷೆ ಕಾದಿದೆ. ಹೈ8 (8 ಮಿಮೀ ಅಗಲದ ಪುಟ್ಟ ಅನಲಾಗ್ ಟೇಪು) ಕ್ಯಾಮೆರಾದ ಎವಿ ಕಿಂಡಿ, ಅಂದರೆ ಚಿತ್ರ ಮತ್ತು ಸದ್ದು ಹೊರಬರುವ ಕಿಂಡಿ, ಹಲವು ಮಾಡೆಲ್‌ಗಳಲ್ಲಿ ಹೆಡ್‌ಫೋನ್ ಕಿಂಡಿ ಥರ ಇರುತ್ತದೆ, 3.5 ಮಿಮೀ. ಅದಕ್ಕೆ ಬರುವ ಪಿನ್ನಿನ ಮೇಲೆ ಮೂರು ಕಪ್ಪು ಗೆರೆ, ಅಂದರೆ ನಾಲ್ಕು ಭಾಗ. ಯಾವ ಭಾಗದಲ್ಲಿ ಚಿತ್ರ, ಯಾವುದರಲ್ಲಿ ಸದ್ದು ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಮೂಲ ಕೇಬಲ್ ಕಳೆದುಹೋಗಿತ್ತು ಅಂತ ನಾನು ಬೇರೆ ಯಾವುದೋ ಹಾಕಿದೆ. ಚಿತ್ರವಿಲ್ಲ, ಸ್ಪೀಕರ್‌ನಲ್ಲಿ ಗುರ್ರ್ ಅಂತ ಒಂದೇ ಸಮನೆ ಸದ್ದು. ಕ್ಯಾಮೆರಾ ಕೆಟ್ಟಿತು ಅಂದುಕೊಂಡು ಎರಡು ದಿನ ಪೆಟ್ಟಿಗೆಯಲ್ಲಿಟ್ಟೆ. ಆಮೇಲೆ ಸುಮ್ನೆ ಕೈಯಾಡಿಸುತ್ತಾ ಕೆಂಪು ಪಿನ್ನನ್ನು ಹಳದಿ ಕಿಂಡಿಗೆ ಹಾಕಿದೆ ನೋಡಿ, ಚಿತ್ರ ಬಂತು! ಆ ಗುರ್ರ್ ಅನ್ನುವುದು ಚಿತ್ರದ ಸಿಗ್ನಲ್ಲೇ, ಸ್ಪೀಕರಿಗೆ ಹೋಗಿ ಕೂಗುತ್ತಿತ್ತು ಅಷ್ಟೇ. ನಿಮಗೂ ಗುರ್ರ್ ಕೇಳಿದರೆ ಬಣ್ಣ ಮರೆತುಬಿಡಿ, ಮೂರೂ ಪಿನ್ನುಗಳನ್ನು ಅದಲುಬದಲು ಮಾಡಿ ನೋಡಿ.

ಈಗ ಕಂಪ್ಯೂಟರ್. ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೋ ಅನ್ನುವ ಸಾಫ್ಟ್‌ವೇರ್ ಉಚಿತ, ಅದೇ ಸಾಕು. ವಿಡಿಯೋ ಕ್ಯಾಪ್ಚರ್ ಡಿವೈಸ್ ಸೇರಿಸಿ, ಡಾಂಗಲ್ ಹೆಸರು ಆರಿಸಿ. ಚಿತ್ರ ಬರದಿದ್ದರೆ ವಿಂಡೋಸ್‌ನ ಪ್ರೈವೆಸಿ ಸೆಟ್ಟಿಂಗ್ಸ್‌ಗೆ ಹೋಗಿ. ಅದರ ಕಣ್ಣಿಗೆ ಡಾಂಗಲ್ ಒಂದು ಕ್ಯಾಮೆರಾ, ಡಾಂಗಲ್ಲಿನ ಸದ್ದು ಒಂದು ಮೈಕ್. ಎರಡಕ್ಕೂ ಅನುಮತಿ ಆಫ್ ಆಗಿದ್ದರೆ ನೀವು ವೈರ್ ಎಷ್ಟು ಸಲ ಕಿತ್ತು ಚುಚ್ಚಿದರೂ ಅಷ್ಟೇ. ಸದ್ದನ್ನು ಒಬಿಎಸ್‌ನಲ್ಲಿ ಬೇರೆಯಾಗಿ ಸೇರಿಸಬೇಕಾಗಬಹುದು. ಸೇರಿಸುವಾಗ ಲ್ಯಾಪ್‌ಟಾಪಿನ ಸ್ವಂತ ಮೈಕ್ ಮ್ಯೂಟ್ ಮಾಡಿ, ಇಲ್ಲದಿದ್ದರೆ ಹಳೇ ಮದುವೆ ವಿಡಿಯೋದಲ್ಲಿ ನಿಮ್ಮ ಇವತ್ತಿನ ಕೆಮ್ಮು ಕೇಳಿಸುತ್ತದೆ.

ಚಿತ್ರ ಬಂತು, ಆದರೆ ಕಪ್ಪು ಬಿಳುಪು ಅಥವಾ ಮೇಲಕ್ಕೆ ಉರುಳುತ್ತಿದೆ ಅಂದರೆ ಹೆಚ್ಚಾಗಿ ಪಾಲ್ ಮತ್ತು ಎನ್‌ಟಿಎಸ್‌ಸಿ ಅನ್ನುವ ಎರಡು ಟಿವಿ ಪದ್ಧತಿಗಳು ಅದಲುಬದಲಾಗಿವೆ. ಪಾಲ್ ಅಂದರೆ 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಎನ್‌ಟಿಎಸ್‌ಸಿ ಅಂದರೆ 525 ಗೆರೆ, 29.97 ಫ್ರೇಮ್. ಟೇಪು ಯಾವ ದೇಶದ್ದೋ ಅದನ್ನೇ ಡಾಂಗಲ್ಲಿನ ಸೆಟ್ಟಿಂಗ್‌ನಲ್ಲೂ ಇಡಿ. ಪಾಲ್‌ಗೆ 720 × 576, ಎನ್‌ಟಿಎಸ್‌ಸಿಗೆ 720 × 480. ಇದಕ್ಕಿಂತ ಜಾಸ್ತಿ ರೆಸಲ್ಯೂಶನ್ ಇಟ್ಟರೆ ಫೈಲ್ ಮಾತ್ರ ಊದಿಕೊಳ್ಳುತ್ತದೆ, ಟೇಪಿನಲ್ಲಿ ಇಲ್ಲದ್ದು ಎಲ್ಲಿಂದ ಬರಬೇಕು ಹೇಳಿ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆಯದೇ. ಟಿವಿಯಲ್ಲಿ ಚೆನ್ನಾಗಿಯೇ ಓಡುವ ಟೇಪು ಕಂಪ್ಯೂಟರಿನಲ್ಲಿ ಮಾತ್ರ ಹಾರುತ್ತದೆ, ಮೇಲಿನ ಅಂಚು ಬಾಗುತ್ತದೆ, ನಡುನಡುವೆ ಪೂರಾ ನೀಲಿ. ಹಳೇ ಟೇಪಿನಿಂದ ಗೆರೆಗಳು ಸರಿಯಾದ ಹೊತ್ತಿಗೆ ಬರುವುದಿಲ್ಲ, ಒಂದು ಸ್ವಲ್ಪ ಮುಂಚೆ, ಒಂದು ಸ್ವಲ್ಪ ತಡ. ಹಳೇ ಟಿವಿ ಹೊಂದಿಕೊಂಡು ಹೋಗುತ್ತಿತ್ತು. ಡಾಂಗಲ್‌ಗೆ ಆ ತಾಳ್ಮೆ ಇಲ್ಲ, ತಾಳ ತಪ್ಪಿದ ಕೂಡಲೇ ಫ್ರೇಮ್ ಬಿಸಾಕುತ್ತದೆ, ಆಮೇಲೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಗೆರೆಗಳ ತಾಳ ಸರಿಪಡಿಸಲು ಟೈಮ್ ಬೇಸ್ ಕರೆಕ್ಟರ್ ಅಂತ ಯಂತ್ರವಿದೆ, ಆದರೆ ದುಬಾರಿ. ಯಾರ ಮನೆಯ ಅಟ್ಟದಲ್ಲಾದರೂ ಹಳೇ ಡಿವಿಡಿ ರೆಕಾರ್ಡರ್ ಇದ್ದರೆ ಕೇಳಿ ತನ್ನಿ, ಪ್ಲೇಯರ್ ಅಲ್ಲ, ರೆಕಾರ್ಡರ್. ವಿಸಿಆರ್‌ನಿಂದ ರೆಕಾರ್ಡರಿಗೆ, ರೆಕಾರ್ಡರಿನಿಂದ ಡಾಂಗಲ್‌ಗೆ. ಅದರಲ್ಲಿ ಏನೂ ರೆಕಾರ್ಡ್ ಮಾಡುವುದು ಬೇಡ, ಸುಮ್ನೆ ದಾಟಿ ಹೋಗಲಿ. ಎಲ್ಲ ಮಾಡೆಲ್ಲೂ ಈ ಕೆಲಸ ಮಾಡುವುದಿಲ್ಲ, ಆದರೆ ನನ್ನ ಹತ್ತಿರ ಇದ್ದದ್ದು ಮುಕ್ಕಾಲು ಪಾಲು ಹಾರಾಟ ನಿಲ್ಲಿಸಿತು.

ಚಿತ್ರದ ತಳದಲ್ಲಿ ಒಂದು ತೆಳು ಪಟ್ಟಿ ಕುಣಿಯುತ್ತಿದ್ದರೆ ಗಾಬರಿ ಬೇಡ. ವಿಸಿಆರ್ ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವ ಜಾಗ ಅದು. ಮೊದಲಿನಿಂದಲೂ ಇತ್ತು, ಹಳೇ ಟಿವಿಯ ಚೌಕಟ್ಟು ಮುಚ್ಚಿಡುತ್ತಿತ್ತು.

ಮಿನಿಡಿವಿ ಟೇಪು ಇದ್ದರೆ ಮೇಲಿನದ್ಯಾವುದೂ ಬೇಡ. ಅದರೊಳಗೆ ಇರುವುದೇ ಡಿಜಿಟಲ್, ಫೈರ್‌ವೈರ್ ಅನ್ನುವ ಹಳೇ ಬಗೆಯ ಡಿಜಿಟಲ್ ಕೇಬಲ್ ಮೂಲಕ ಇದ್ದಂತೇ ಇಳಿಸಿಕೊಳ್ಳಬಹುದು. ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿ ಇದೆಯಲ್ಲ ಅಂತ ಕೇಳಬೇಡಿ. ಎಷ್ಟೋ ಮಾಡೆಲ್‌ಗಳಲ್ಲಿ ಅದು ಬರೀ ಫೋಟೋ ಇಳಿಸುವುದಕ್ಕೆ. ಫೈರ್‌ವೈರ್‌ನಿಂದ ಯುಎಸ್‌ಬಿಗೆ ಅಂತ ಮಾರುವ ಅಗ್ಗದ ಅಡಾಪ್ಟರ್ ಕೂಡ ನನ್ನ ಎಚ್‌ಡಿಎಂಐ ಕೇಬಲ್ಲಿನ ತಮ್ಮನೇ. ಡೆಸ್ಕ್‌ಟಾಪ್ ಇದ್ದರೆ ಒಳಗೆ ಫೈರ್‌ವೈರ್ ಕಾರ್ಡ್ ಹಾಕಿಸಿ. ಮ್ಯಾಕ್ ಇದ್ದರೆ ಹಳೇ ಮ್ಯಾಕ್ ಹುಡುಕಿ, 2025ರಲ್ಲಿ ಬಂದ ಮ್ಯಾಕ್‌ಒಎಸ್ ಟಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದಿದ್ದಾರೆ. ಇನ್ನೊಂದು ಉಪಾಯ: ಕೆಲವು ಡಿಜಿಟಲ್8 ಕ್ಯಾಮೆರಾಗಳು ಹಳೇ ಹೈ8 ಟೇಪನ್ನೂ ಓಡಿಸಿ ಫೈರ್‌ವೈರ್‌ನಲ್ಲಿ ಡಿಜಿಟಲ್ ಆಗಿಯೇ ಕೊಡುತ್ತವೆ. ಅಂಥದ್ದು ಸಿಕ್ಕರೆ ಬಿಡಬೇಡಿ.

ಜಾಗದ ಲೆಕ್ಕ ಮೊದಲೇ ಹಾಕಿ. ಡಿವಿ, ಅಂದರೆ ಮಿನಿಡಿವಿ ಟೇಪಿನಿಂದ ಇಳಿಸಿದ್ದು, ಗಂಟೆಗೆ ಸುಮಾರು 13 ಜಿಬಿ. ಪಾಲ್ ಚಿತ್ರವನ್ನು ಒತ್ತದೆ ಹಾಗೇ ಉಳಿಸಿದರೆ ಗಂಟೆಗೆ 75 ಜಿಬಿ ಹತ್ತಿರ, ಅದು ಬೇಡ, ಒಬಿಎಸ್‌ನಲ್ಲಿ ಎಚ್264 (ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ ಬಗೆ) ಸಾಕು. ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗೆ ಫೈಲ್ ನಿಂತುಬಿಡುತ್ತದೆ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಡಾಂಗಲ್ಲನ್ನು ಹಬ್‌ಗೆ ಹಾಕದೆ ನೇರ ಲ್ಯಾಪ್‌ಟಾಪಿಗೇ ಹಾಕಿ. ಸದ್ದಿನಲ್ಲಿ ಗುಂಯ್ ಅಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಹಲವು ಸಲ ಅಷ್ಟಕ್ಕೇ ಹೋಗುತ್ತದೆ.

ಪೂರಾ ಟೇಪು ಏರಿಸುವ ಮುಂಚೆ ಐದು ನಿಮಿಷ ಮಾತ್ರ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು ನೋಡಿ. ಯಾಕೆಂದರೆ ಇಲ್ಲಿ ಫಾಸ್ಟ್ ಕಾಪಿ ಅನ್ನುವುದೇ ಇಲ್ಲ, ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು. ನಾನು ಪ್ಲೇ ಒತ್ತಿ, ಬಾಗಿಲು ಹಾಕಿಕೊಂಡು ಹೋಗಿ ಬಂದು ನೋಡಿದರೆ ಲ್ಯಾಪ್‌ಟಾಪ್ ಅರ್ಧ ಗಂಟೆಗೇ ನಿದ್ದೆ ಹೋಗಿತ್ತು. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಆಫ್ ಮಾಡಿ, ಆಮೇಲೆ ಪ್ಲೇ ಒತ್ತಿ.