ಅಡಿಕೆ ತೋಟದ ತಂತಿಯಲ್ಲಿ ಎಫ್‌ಟಿ8: ನನ್ನ ಅನುಭವ

ಮನೆಯಲ್ಲೇ ಜೋಡಿಸಿದ ಐದು ವಾಟಿನ ರಿಗ್ (ರೇಡಿಯೊ ಸೆಟ್), ಅಡಿಕೆ ಮರಗಳ ನಡುವೆ ಎಳೆದ ತಂತಿ ಮತ್ತು ಹಳೆಯದೊಂದು ಲ್ಯಾಪ್‌ಟಾಪ್, ಇಷ್ಟನ್ನು ಇಟ್ಟುಕೊಂಡು ತುಮಕೂರಿನ ಹೊರವಲಯದಿಂದ ಎಫ್‌ಟಿ8 ಎಂಬ, ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಡಿಜಿಟಲ್ ಮೋಡ್ ನಡೆಸಲಾಗದು ಎಂದು ನನ್ನ ಹ್ಯಾಮ್ (ಹವ್ಯಾಸಿ ರೇಡಿಯೊ) ಮಿತ್ರರು ಖಚಿತವಾಗಿ ಹೇಳಿದ್ದರು. ನೂರು ವಾಟಿನ ರಿಗ್ಗನ್ನೂ ಅದನ್ನು ಕಂಪ್ಯೂಟರಿಗೆ ಜೋಡಿಸುವ ಎಂಟು ಹತ್ತು ಸಾವಿರದ ಸಿದ್ಧ ಇಂಟರ್‌ಫೇಸನ್ನೂ ಕೊಳ್ಳದೆ ಆ ಕಡೆ ತಲೆ ಹಾಕಬೇಡ ಎಂಬುದು ಅವರ ಸಲಹೆಯಾಗಿತ್ತು. ಮೋರ್ಸ್ ಕೀಲಿಯನ್ನು ಬಿಟ್ಟು ಬೇರೇನನ್ನೂ ನಂಬದ ಹಿರಿಯರೊಬ್ಬರು ಇದನ್ನು ಕಂಪ್ಯೂಟರುಗಳ ಆಟವೆಂದೇ ತಳ್ಳಿಹಾಕಿದರು. ನೊಬೆಲ್ ಪಡೆದ ಭೌತವಿಜ್ಞಾನಿ ಜೋ ಟೇಲರ್ ಅವರು ಸ್ಟೀವ್ ಫ್ರಾಂಕೆ ಅವರೊಡನೆ 2017ರಲ್ಲಿ ಕೊಟ್ಟ ಈ ಮೋಡನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವ ಧೈರ್ಯ ನನಗಿರಲಿಲ್ಲ. ಈಗ ನನ್ನ ಸಂಪರ್ಕಗಳ ಲಾಗ್‌ನಲ್ಲಿ ಜಪಾನ್, ಇಂಡೋನೇಷ್ಯಾ, ಇಟಲಿ, ಒಮ್ಮೆ ಅರ್ಜೆಂಟೀನಾ ಸಹ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟದ್ದು ಫೈನಲ್, ಅಂದರೆ ಆಂಟೆನಾಕ್ಕೆ ಶಕ್ತಿ ಕೊಡುವ ಕೊನೆಯ ಹಂತದ ಟ್ರಾನ್ಸಿಸ್ಟರ್. ಮಾತಿನಲ್ಲಿ ಉಸಿರಾಟಕ್ಕೆ ಬಿಡುವಿರುತ್ತದೆ, ಎಫ್‌ಟಿ8ನಲ್ಲಿ ಹದಿನೈದು ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡು ಪೂರ್ಣ ಶಕ್ತಿಯೇ ಹರಿಯುತ್ತದೆ. ಐಆರ್‌ಎಫ್510ಗಳು ಒಂದರ ಹಿಂದೊಂದು ಸುಟ್ಟವು. ಹಳೆಯ ಯುಪಿಎಸ್‌ನಿಂದ ಬಿಚ್ಚಿದ ದಪ್ಪ ಹೀಟ್‌ಸಿಂಕ್, ಒಂದು ಸಣ್ಣ ಫ್ಯಾನ್, ಜೊತೆಗೆ ಔಟ್‌ಪುಟ್ ಹತ್ತು ವಾಟಿನಿಂದ ಐದಕ್ಕೆ ಇಳಿಯುವಂತೆ ತಗ್ಗಿಸಿದ ಆಡಿಯೊ, ಇವುಗಳ ನಂತರ ಆ ಖರ್ಚು ನಿಂತಿತು.

ಎರಡನೆಯ ಕಾಟ ಲ್ಯಾಪ್‌ಟಾಪಿನದು. ಟ್ರಾನ್ಸ್‌ಮಿಟ್ ಆದೊಡನೆ ಯುಎಸ್‌ಬಿ ಸೌಂಡ್‌ಕಾರ್ಡ್ ಮಾಯವಾಗುತ್ತಿತ್ತು. ಉಳಿದ ಹೊತ್ತಿನಲ್ಲಿ ವಾಟರ್‌ಫಾಲ್ (ಬರುವ ಸಂಕೇತಗಳನ್ನು ತೋರಿಸುವ ಪರದೆಯ ಚಿತ್ರ) ತುಂಬ ಐವತ್ತು ಹರ್ಟ್ಸಿನ ಗುಂಯ್‌ಗುಡುವಿಕೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಗುಜರಿಯಲ್ಲಿ ಹಳೆಯ ಡಯಲ್‌ಅಪ್ ಮೋಡೆಮ್‌ಗಳನ್ನು ನೂರು ರೂಪಾಯಿಯ ಆಸುಪಾಸಿಗೆ ತಂದು, ರಿಗ್ಗಿಗೂ ಲ್ಯಾಪ್‌ಟಾಪಿಗೂ ನೇರ ವಿದ್ಯುತ್ ಸಂಪರ್ಕ ತಪ್ಪಿಸಲು ಅವುಗಳೊಳಗಿನ 600 ಓಮ್ ಐಸೊಲೇಷನ್ ಟ್ರಾನ್ಸ್‌ಫಾರ್ಮರ್‌ಗಳನ್ನು ಆಡಿಯೊದ ಎರಡೂ ದಾರಿಗಳಲ್ಲಿ ಕೂಡಿಸಿದೆ. ರಿಗ್ಗನ್ನು ಪ್ರಸಾರಕ್ಕೆ ತಿರುಗಿಸುವ ಪಿಟಿಟಿಗೆ, ಬೆಳಕಿನ ಮೂಲಕ ಸಂಕೇತ ದಾಟಿಸುವ ಪಿಸಿ817 ಆಪ್ಟೊಕಪ್ಲರ್ ಸಾಕಾಯಿತು. ಇನ್ನೂರು ರೂಪಾಯಿಯ ಸೌಂಡ್‌ಕಾರ್ಡ್ ಅಂದಿನಿಂದ ಒಮ್ಮೆಯೂ ಮುನಿಸಿಕೊಂಡಿಲ್ಲ. ಆಂಟೆನಾದ ಕೋಆಕ್ಸ್ ಕೇಬಲ್ಲಿನ ಬುಡದಲ್ಲಿ, ಅದರ ಹೊರಮೈ ಮೇಲೆ ಹರಿದುಬರುವ ರೇಡಿಯೊ ಶಕ್ತಿಯನ್ನು ತಡೆಯುವ ಫೆರೈಟ್ ಚೋಕ್ ಕೂಡ ಇದೆ. ಅದರ ಸುತ್ತುಗಳ ಲೆಕ್ಕವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬೇಕಾದವರು ಬಂದು ನೋಡಬಹುದು.

ಇಷ್ಟಾದರೂ ನನ್ನ ಕರೆ ಹೋಗುತ್ತಿತ್ತು, ಉತ್ತರ ಕೇಳುತ್ತಿರಲಿಲ್ಲ. ಯಾರ ಸಂಕೇತ ಎಲ್ಲಿ ಕೇಳಿತೆಂದು ತೋರಿಸುವ ಪಿಎಸ್‌ಕೆ ರಿಪೋರ್ಟರ್ ಜಾಲತಾಣದ ನಕ್ಷೆಯಲ್ಲಿ ಯುರೋಪಿನವರು ನನ್ನನ್ನು ಮೈನಸ್ ಹದಿನೈದು ಡೆಸಿಬೆಲ್‌ನಲ್ಲಿ (ಕ್ಷೀಣವಾದರೂ ಓದಬಲ್ಲ ಮಟ್ಟದಲ್ಲಿ) ಕೇಳಿದ್ದು ಕಾಣುತ್ತಿದ್ದರೂ ನನ್ನ ಪರದೆ ಖಾಲಿಯಾಗಿರುತ್ತಿತ್ತು. ಪವರ್ ಸಾಲದು ಎಂದವರ ವಾದ ಅಲ್ಲಿಗೇ ಮುಗಿಯಿತು, ಏಕೆಂದರೆ ಕೊರತೆಯಿದ್ದದ್ದು ಕೇಳುವುದರಲ್ಲಿ. ರಿಗ್ಗನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಒಮ್ಮೆ ಇಳಿಸಿ ಮತ್ತೆ ಏರಿಸಿ ನೋಡಿ, ಪಾಕೆಟ್ ಟ್ರಾನ್ಸಿಸ್ಟರನ್ನು ಮೀಡಿಯಂ ವೇವ್‌ನ ಖಾಲಿ ಜಾಗದಲ್ಲಿಟ್ಟು ತೋಟದಿಂದ ಮನೆಯವರೆಗೆ ಗದ್ದಲದ ಜಾಡು ಹಿಡಿದು ನಡೆದೆ. ಅಗ್ಗದ ಎಲ್‌ಇಡಿ ಬಲ್ಬುಗಳು, ವೈಫೈ ಪೆಟ್ಟಿಗೆಯ ಅಡಾಪ್ಟರ್ ಮತ್ತು ನೆರೆಮನೆಯ ಸೋಲಾರ್ ಇನ್ವರ್ಟರ್ ಸಿಕ್ಕಿಬಿದ್ದವು. ಮೊದಲೆರಡನ್ನು ಬದಲಾಯಿಸಿದೆ, ಮೂರನೆಯದು ಸೂರ್ಯ ಮುಳುಗಿದ ಮೇಲೆ ತಾನಾಗಿ ಸುಮ್ಮನಾಗುತ್ತದೆ, ಎಫ್‌ಟಿ8ನ 14.074 ಮೆಗಾಹರ್ಟ್ಸಿನಲ್ಲಿ ಯುರೋಪ್ ತೆರೆಯುವುದೂ ಹೆಚ್ಚುಕಡಿಮೆ ಆಗಲೇ. ಮೊದಲು ಒಂದು ಸರದಿಗೆ ಮೂರ್ನಾಲ್ಕು ಸಂದೇಶ ಡಿಕೋಡ್ ಆಗುತ್ತಿದ್ದಲ್ಲಿ ಈಗ ಇಪ್ಪತ್ತರ ಹತ್ತಿರ ಬರುತ್ತವೆ. ತ್ರೀಫೇಸ್ ಬಂದು ಬೋರ್‌ವೆಲ್ ಮೋಟಾರುಗಳು ಚಾಲೂ ಆದಾಗ ಮಾತ್ರ ಬ್ಯಾಂಡ್ ಸ್ವಲ್ಪ ಮಂಕಾಗುತ್ತದೆ, ಅದಕ್ಕೆ ಮದ್ದಿಲ್ಲ.

ತಂತಿಯ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ: ಇಪ್ಪತ್ತು ಮೀಟರ್ ಬ್ಯಾಂಡಿನ ಸಾಮಾನ್ಯ ಡೈಪೋಲ್ (ನಡುವಿನಿಂದ ಎರಡು ಕಡೆ ಚಾಚಿದ ತಂತಿ ಆಂಟೆನಾ), ಒಂದೊಂದು ಕೈ ಹದಿನಾರೂವರೆ ಅಡಿ, ಎತ್ತರ ಸುಮಾರು ಮೂವತ್ತೈದು ಅಡಿ. ಅಡಿಕೆ ಮರ ಗಾಳಿಗೆ ತೂಗುವುದರಿಂದ ಹಗ್ಗವನ್ನು ಬಿಗಿಯಾಗಿ ಕಟ್ಟಿದರೆ ತಂತಿ ಹರಿಯುತ್ತದೆ. ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ತುದಿಗೆ ಇಟ್ಟಿಗೆ ತೂಗುಬಿಟ್ಟಿದ್ದೇನೆ. ಮರ ಹತ್ತಿದವರ ಕೂಲಿಯನ್ನೂ ಸೇರಿಸಿ, ರಿಗ್ ಮತ್ತು ಲ್ಯಾಪ್‌ಟಾಪ್ ಹೊರತಾಗಿ, ನೆನಪಿನ ಪ್ರಕಾರ ಮೂರು ಸಾವಿರ ದಾಟಿಲ್ಲ.

ನಡುವೆ 14.070ರಲ್ಲಿ ಪಿಎಸ್‌ಕೆ31 ಕೂಡ ನೋಡಿದೆ. ಅಕ್ಷರ ಹೊಡೆದು ಮಾತಾಡುವ ಆ ಮೋಡ್ ನನಗೆ ಹೆಚ್ಚು ಇಷ್ಟ, ಆದರೆ ನಾನು ಕುಳಿತ ಹೊತ್ತಿನಲ್ಲಿ ಅಲ್ಲಿ ಜನವೇ ಇರಲಿಲ್ಲ. ಕಡಿಮೆ ಶಕ್ತಿಯ ಸಂಕೇತ ಎಲ್ಲಿಯವರೆಗೆ ತಲುಪುತ್ತದೆಂದು ನೋಡುವ ಡಬ್ಲ್ಯುಎಸ್‌ಪಿಆರ್‌ನಲ್ಲಿ ಇನ್ನೂರು ಮಿಲಿವಾಟ್ ಬಿಟ್ಟಾಗ ಆಸ್ಟ್ರೇಲಿಯದಿಂದ ವರದಿ ಬಂದದ್ದನ್ನು ಮಿತ್ರರಿಗೆ ಬೇಕೆಂದೇ ಕಳುಹಿಸಿದೆ. ಇದೇ ಉತ್ಸಾಹದಲ್ಲಿ ಬ್ಯಾಟರಿಯೊಂದಿಗೆ ದೇವರಾಯನದುರ್ಗ ಹತ್ತಿದೆ. ಅಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿರಲಿಲ್ಲ. ಗಡಿಯಾರ ಒಂದೆರಡು ಸೆಕೆಂಡಿಗಿಂತ ಹೆಚ್ಚು ತಪ್ಪಿದರೆ ಡಿಕೋಡ್ ಕೆಡುವುದರಿಂದ ಐನೂರರ ಆಸುಪಾಸಿನ ಜಿಪಿಎಸ್ ಮಾಡ್ಯೂಲ್‌ನಿಂದ ಸಮಯ ಪಡೆದೆ. ಬೆಟ್ಟದ ಎತ್ತರಕ್ಕಿಂತ ಅಲ್ಲಿನ ನಿಶ್ಶಬ್ದ ಬ್ಯಾಂಡ್ ಹೆಚ್ಚು ಕೆಲಸಕ್ಕೆ ಬಂದಿತು ಎಂಬುದು ನನ್ನ ಅಂದಾಜು. ಅಲ್ಲಿಗೆ ಹೋಗುವವರು ತಂತಿಯ ಕೆಳತುದಿಯನ್ನು ಕೋತಿಗಳ ಕೈಗೆ ಎಟುಕುವಂತೆ ಬಿಡಬಾರದು. ಮೀನು ಹಿಡಿಯುವ ಕಡ್ಡಿಯ ಮೇಲಿನ ಲಂಬ ತಂತಿಗಿಂತ ಮರಗಳ ನಡುವೆ ಎತ್ತಿ ಕಟ್ಟಿದ ಡೈಪೋಲೇ ಅಲ್ಲಿ ಉಳಿಯುತ್ತದೆ.