ಹೊಳೆ ಅವರ ಪಾಲಿಗೆ, ಹೊಲ ನಮ್ಮ ಪಾಲಿಗೆ

2012ರ ಬೇಸಿಗೆಯಲ್ಲಿ ನಮ್ಮ ಮನೆ ಪಾಲಾಯಿತು. ನಮ್ಮದು ಬಾಗಲಕೋಟೆ ಜಿಲ್ಲೆ, ಜಮಖಂಡಿ ತಾಲೂಕು, ಕೃಷ್ಣಾ ಹೊಳೆಯ ಸೀಮೆ. ಹೊಳೆದಂಡೆಯ ಹೊಲ ಕಾಕಾನ ಪಾಲಿಗೆ ಹೋಯಿತು. ಮೇಲಿನ ಎರಿಹೊಲ, ಅಂದರೆ ಕಪ್ಪುಮಣ್ಣಿನ ಹೊಲ, 9 ಎಕರೆ ನಮಗೆ ಬಂತು. ಎಕರೆ ಲೆಕ್ಕ ಹಿಡಿದರೆ ನಮಗೇ ಜಾಸ್ತಿ. ಆದರೆ ಅಲ್ಲಿಂದ ಹೊಳೆಗೆ 4 ಕಿಲೋಮೀಟರ್ ಮೇಲಾಗುತ್ತದೆ. ನಡುವೆ 11 ಜನರ ಹೊಲ. ಮಳೆ ಬಂದರೆ ಬಿಳಿಜೋಳ, ಕಡಲೆ. ಬರದಿದ್ದರೆ ಏನೂ ಇಲ್ಲ.

ಅವತ್ತು ಕಟ್ಟೆ ಮೇಲೆ ಕೂತು ಪಾಲಿನ ಕಾಗದಕ್ಕೆ ಸಹಿ ಹಾಕುವಾಗ ನನಗೆ ನೆನಪಾದದ್ದು ಸುಡಾನ್.

ನಾನು ಐಟಿಐ ವೆಲ್ಡರ್. 2004ರಲ್ಲಿ ಸುಡಾನ್‌ಗೆ ಹೋಗಿದ್ದೆ. ಖಾರ್ಟೂಮ್ ರಿಫೈನರಿಯಿಂದ ಕೆಂಪು ಸಮುದ್ರದ ದಂಡೆಯ ಪೋರ್ಟ್ ಸುಡಾನ್‌ವರೆಗೆ 741 ಕಿಲೋಮೀಟರ್ ಪೈಪ್‌ಲೈನ್, 12 ಇಂಚಿನದ್ದು. ನಮ್ಮ ದೇಶದ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿ ವಿದೇಶ್ ಹಾಕಿಸಿದ ಲೈನ್. ಮರಳುಗಾಡಿನಲ್ಲಿ ಬೆಳಗಿನ ಜಾವ ಶುರು ಮಾಡಿದರೆ ಬಿಸಿಲೇರುವ ಹೊತ್ತಿಗೆ ಕೈಗವಸಿನೊಳಗೆ ಬೆವರು ತೊಟ್ಟಿಕ್ಕುತ್ತಿತ್ತು. ಒಂದು ಜಾಯಿಂಟ್ ಅಂದರೆ ಒಂದರ ಮೇಲೊಂದು ಬೆಸುಗೆ: ರೂಟ್, ಹಾಟ್ ಪಾಸ್, ಫಿಲ್ಲಿಂಗ್, ಕ್ಯಾಪಿಂಗ್. ಆಮೇಲೆ ಎಕ್ಸ್‌ರೇ. ಅದರ ಮೇಲೆ ತುಕ್ಕು ಹಿಡಿಯದಂತೆ ಕೋಟಿಂಗ್. ಪೈಪನ್ನು ಗುಂಡಿಗೆ ಇಳಿಸುವ ಮುಂಚೆ ಕೊನೆಯ ಪರೀಕ್ಷೆ ಒಂದಿತ್ತು. ಪೈಪಿನ ಸುತ್ತ ಸ್ಪ್ರಿಂಗಿನ ಬಳೆ ತೊಡಿಸಿ, ಅದಕ್ಕೆ ಕರೆಂಟ್ ಕೊಟ್ಟು, ಉದ್ದಕ್ಕೂ ತಳ್ಳಿಕೊಂಡು ಹೋಗುತ್ತಿದ್ದೆವು. ಕೋಟಿಂಗ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿ ಚಟ್ ಅಂತ ನೀಲಿ ಕಿಡಿ ಹಾರುತ್ತಿತ್ತು, ಯಂತ್ರ ಕೂಗುತ್ತಿತ್ತು. ಅಲ್ಲಿಗೆ ಸೀಮೆಸುಣ್ಣದ ಗುರುತು. ಮತ್ತೆ ತೇಪೆ. ಪೈಪಿನ ಕೆಲಸದಲ್ಲಿ ಎಷ್ಟು ಸಣ್ಣದನ್ನು ನೋಡಬೇಕು ಅಂತ ನಾನು ಕಲಿತದ್ದು ಆ ಕಿಡಿಯಿಂದ.

ಆ ಹೊತ್ತಿಗಾಗಲೇ ಸುಡಾನ್‌ನ ಕಚ್ಚಾ ತೈಲದ ದೊಡ್ಡ ಲೈನ್ ನಡೆಯುತ್ತಿತ್ತು. ಹೆಗ್ಲಿಗ್ ಕಡೆಯ ಬಾವಿಗಳಿಂದ ಪೋರ್ಟ್ ಸುಡಾನ್‌ಗೆ ಸುಮಾರು 1,600 ಕಿಲೋಮೀಟರ್. 1999ರಲ್ಲಿ ಚಾಲೂ ಆದದ್ದು. ಆಗ ಸುಡಾನ್ ಒಂದೇ ದೇಶ. ಬಾವಿಯೂ ಅವರದೇ, ಬಂದರೂ ಅವರದೇ. ದಾರಿ ಬಾಡಿಗೆಯ ಮಾತೇ ಇರಲಿಲ್ಲ.

2011ರ ಜುಲೈ 9ರಂದು ದಕ್ಷಿಣ ಸುಡಾನ್ ಬೇರೆಯಾಯಿತು. ತೈಲದ ನಾಲ್ಕರಲ್ಲಿ ಮೂರು ಪಾಲು ದಕ್ಷಿಣಕ್ಕೆ ಹೋಯಿತು. ಸಮುದ್ರಕ್ಕೆ ಹೋಗುವ ಪೈಪು, ಪಂಪು, ಬಂದರು ಉತ್ತರದ ಕಡೆ ಉಳಿದವು. ಉತ್ತರದವರು ದಾರಿ ಬಾಡಿಗೆ ಅಂತ ಬ್ಯಾರೆಲ್‌ಗೆ 30 ಡಾಲರ್‌ಗಿಂತ ಜಾಸ್ತಿ ಕೇಳಿದರು. ದಕ್ಷಿಣದವರು ಒಂದು ಡಾಲರ್ ಆಸುಪಾಸಿನ ಮಾತಾಡಿದರು. ಮಾತು ಕೂಡಲಿಲ್ಲ. ಉತ್ತರದವರು ಬಾಡಿಗೆ ಬಾಕಿ ಅಂತ ಬಂದರಿನಲ್ಲಿ ತೈಲವನ್ನೇ ಮುರಿದುಕೊಳ್ಳಲು ಶುರು ಮಾಡಿದರು. 2012ರ ಜನವರಿಯಲ್ಲಿ ದಕ್ಷಿಣದವರು ದಿನಕ್ಕೆ ಸುಮಾರು 3,50,000 ಬ್ಯಾರೆಲ್ ಕೊಡುವ ತಮ್ಮ ಬಾವಿಗಳನ್ನೇ ಬಂದ್ ಮಾಡಿಬಿಟ್ಟರು. ಅವರ ಸರ್ಕಾರದ ಆದಾಯದಲ್ಲಿ ನೂರಕ್ಕೆ 98 ಪಾಲು ಬರುತ್ತಿದ್ದದ್ದು ಅದೇ ತೈಲದಿಂದ. ಉತ್ತರದವರಿಗೂ ಬಾಡಿಗೆ ಹೋಯಿತು. ಪೈಪು ಮಾತ್ರ ಗಟ್ಟಿಯಾಗಿಯೇ ಇತ್ತು, ವೆಲ್ಡಿಂಗ್ ಗಟ್ಟಿಯಾಗಿಯೇ ಇತ್ತು. ಈ ಸುದ್ದಿ ಓದಿ ನನಗೆ ನಿಜವಾಗಿ ಸಂಕಟವಾಯಿತು. ಆ ಬಿಸಿಲಲ್ಲಿ ಪೈಪು ಜೋಡಿಸಿದವನಿಗೆ ಖಾಲಿ ಲೈನ್ ಅಂದರೆ ಏನು ಅಂತ ಗೊತ್ತಿರುತ್ತದೆ.

ಆ ಹೊತ್ತಿಗೆ ನಾನು ಊರ ಹತ್ತಿರವೇ ಇದ್ದೆ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಸರ್ಕಾರಿ ಕಂಪನಿ ಗೇಲ್‌ನ ಗ್ಯಾಸ್ ಲೈನ್ ಬೆಳಗಾವಿ ಜಿಲ್ಲೆ ಹಾದು ಬರುತ್ತಿತ್ತು, ಅಲ್ಲಿ ಕೆಲಸ. 2013ರಲ್ಲಿ ಆ ಲೈನ್ ಚಾಲೂ ಆಯಿತು. ಅಲ್ಲಿ ಕಬ್ಬಿನ ಹೊಲ ದಾಟುವಾಗ ಒಂದೊಂದು ಹೊಲದ ಮಾಲೀಕರ ಜೊತೆ ಎಷ್ಟು ಮಾತು ಬೇಕು ಅನ್ನೋದನ್ನ ಕಣ್ಣಾರೆ ಕಂಡೆ.

2014ರಲ್ಲಿ ನಮ್ಮ ಹೊಲಕ್ಕೆ ನೀರು ತರುವುದು ಅಂತ ಗಟ್ಟಿ ಮಾಡಿದೆ. ಹೊಳೆಯಲ್ಲಿ ನೀರಿನ ಭರವಸೆ ಇತ್ತು. ನಮ್ಮ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರು ಮುಂದೆ ನಿಂತು, 1989ರಲ್ಲಿ ರೈತರೇ ದುಡ್ಡು ಹಾಕಿ, ಮೈ ಮುರಿದು ದುಡಿದು ಬ್ಯಾರೇಜ್ ಕಟ್ಟಿದ ಸೀಮೆ ಇದು. ನೀರು ಎತ್ತುವುದು ನಮ್ಮ ಕಡೆ ಹೊಸದೇನಲ್ಲ. ಲೆಕ್ಕವೂ ಕಷ್ಟದ್ದಲ್ಲ. ಉದ್ದ 4,200 ಮೀಟರ್, 20 ಅಡಿಯ ಪೈಪು 700. ಏರು ಸುಮಾರು 110 ಅಡಿ. 6 ಇಂಚಿನ ಪಿವಿಸಿ, 15 ಎಚ್‌ಪಿ ಮೋಟರ್. ಪರ್ಮಿಶನ್ ಕಾಗದಕ್ಕೆ ಒಂದಷ್ಟು ಓಡಾಟ.

ಕಷ್ಟ ಇದ್ದದ್ದು ಆ 11 ಹೊಲಗಳಲ್ಲಿ. ಎಲ್ಲರೂ ಹೇಳಿದ್ದು ಒಂದೇ ಮಾತು: ಒಂದು ಸಲ ರೊಕ್ಕ ಕೊಟ್ಟು ಮುಗಿಸು. ನನಗೆ ಅದು ಸರಿ ಕಾಣಲಿಲ್ಲ. ರೊಕ್ಕ ಎರಡು ವರ್ಷದಲ್ಲಿ ಮರೆತು ಹೋಗುತ್ತದೆ, ಪೈಪು ಮಾತ್ರ ಅವರ ಹೊಲದಲ್ಲಿ ಉಳಿಯುತ್ತದೆ. ಆಮೇಲೆ ಒಂದು ದಿನ ಟ್ರ್ಯಾಕ್ಟರ್ ನೇಗಿಲು ಬಿದ್ದರೆ ಯಾರಿಗೆ ನೋವು? ಆಗ ನನ್ನ ತಲೆಯಲ್ಲಿದ್ದದ್ದು ಜಾರ್ಜಿಯಾ. ಅಜರ್‌ಬೈಜಾನ್‌ಗೆ ಸುತ್ತಲೂ ನೆಲ, ಇರುವ ಕ್ಯಾಸ್ಪಿಯನ್ ಕೂಡ ಹೊರಗೆ ದಾರಿಯಿಲ್ಲದ ಕೆರೆ. ಅವರ ಗ್ಯಾಸ್ ಜಾರ್ಜಿಯಾ ದಾಟಿ ಟರ್ಕಿಗೆ ಹೋಗುತ್ತದೆ. ದಾರಿ ಕೊಟ್ಟದ್ದಕ್ಕೆ ಜಾರ್ಜಿಯಾ ಹರಿಯುವ ಗ್ಯಾಸ್‌ನಲ್ಲೇ ನೂರಕ್ಕೆ 5 ಪಾಲು ಪಡೆಯುತ್ತದೆ. ಲೈನ್ ನಿಂತರೆ ಅವರ ಒಲೆಗೂ ತೊಂದರೆ, ಅಲ್ವಾ? ದಾರಿಯವನಿಗೂ ಪೈಪು ಬೇಕಾಗಿರಬೇಕು. ಇದನ್ನೇ ನಾನು ಹಿಡಿದುಕೊಂಡೆ.

ಪ್ರತಿ ಹೊಲದ ಬದುವಿನಲ್ಲಿ ಒಂದು ಟೀ, ಅಂದರೆ ಪೈಪಿನ ಕವಲು, ಒಂದು ವಾಲ್ವ್. ವಾರಕ್ಕೊಂದು ಪಾಳಿ ನೀರು, ಪಾಳಿಗೆ ಎರಡು ತಾಸು, ಇಬ್ಬಿಬ್ಬರು ಕೂಡಿ. ಹೊಳೆ ಹತ್ತಿರದ ಮೂವರಿಗೆ ಸ್ವಂತ ಮೋಟರ್ ಇತ್ತು, ಅವರಿಗೆ ನೀರು ಬೇಡವಾಗಿತ್ತು. ಅವರಿಗೆ ವರ್ಷದ ಬಾಡಿಗೆ. ಎಂಟು ಜನ ಪಾಳಿಗೆ ಒಪ್ಪಿದರು. ಕೊನೆಗೆ ಉಳಿದದ್ದು ಕಾಕಾನ ಹೊಳೆದಂಡೆ. ಅಲ್ಲಿ ಒಪ್ಪಿಸಬೇಕಾದದ್ದು ಕಾಕಾನನ್ನಲ್ಲ, ಕಾಕಿಯನ್ನ. ಜಾಕ್‌ವೆಲ್, ಅಂದರೆ ಹೊಳೆನೀರು ಎತ್ತುವ ಬಾವಿ, ಇರಬೇಕಾದದ್ದು ಅವರ ದಂಡೆಯಲ್ಲೇ. ಮೂರು ಸಲ ಹೋದೆ. ಮೂರನೇ ಸಲ ಚಹಾ ಕೊಟ್ಟು ಹೇಳಿದಳು: "ನಿನ್ನ ಮೋಟರಿನ ಮನಿ ಹಿಂದ ಒಂದು ನಳ ಹಚ್ಚು. ದನಕ್ಕ ನೀರು ಹೊತ್ತು ನನ್ನ ಸೊಂಟ ಹೋಗೇತಿ." ಅಷ್ಟೇ. ನಮ್ಮ ನಡುವೆ ನಿಂತದ್ದು ಎರಡು ಇಂಚಿನ ನಳ. ಅದನ್ನು ಮೊದಲು ಹಾಕಿದೆ, ಆಮೇಲೆ ಗುಂಡಿ ತೋಡಿದೆ.

ಎಲ್ಲವನ್ನೂ ಛಾಪಾ ಕಾಗದದಲ್ಲಿ ಬರೆಸಿದೆವು. ಹತ್ತು ವರ್ಷದ ಕರಾರು. ಪೈಪು ಒಡೆದರೆ ಬೆಳೆ ನಷ್ಟ ನನ್ನದು, ನೇಗಿಲು ತಾಗಿದರೆ ಪೈಪಿನ ಖರ್ಚು ಅವರದು. ಪಾಳಿ ತಪ್ಪಿದರೆ ಮರುದಿನ ಕೊಡಬೇಕು. ಈ ಸಾಲುಗಳನ್ನು ಮೊದಲೇ ಬರೆಸಿ, ದಯವಿಟ್ಟು. ನೀರು ಹರಿಯಲು ಶುರುವಾದ ಮೇಲೆ ಕೂತರೆ ಪ್ರತಿಯೊಬ್ಬನ ಕೈಯಲ್ಲೂ ನಿಮ್ಮ ಕುತ್ತಿಗೆ ಇರುತ್ತದೆ.

ಗುಂಡಿ ಮೂರು ಅಡಿ ಆಳ, ತಳಕ್ಕೆ ಸಣ್ಣ ಮಣ್ಣು. ಎರಿಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಪೈಪನ್ನು ಎಳೆದಾಡುತ್ತದೆ. ಏರಿನ ಎರಡು ನೆತ್ತಿಗಳಲ್ಲಿ ಗಾಳಿ ವಾಲ್ವ್. ತಪ್ಪಿದ್ದು ಬೇರೆ ಕಡೆ. ನಾಲ್ಕನೇ ಹೊಲದ ತಿರುವಿನಲ್ಲಿ ಕಾಂಕ್ರೀಟ್ ಬ್ಲಾಕ್ ಹಾಕದೆ ಮಣ್ಣು ಮುಚ್ಚಿದ್ದೆ. ಒಂಬತ್ತನೇ ದಿನ ಮೋಟರ್ ಓಡುತ್ತಿರುವಾಗಲೇ ತ್ರೀ ಫೇಸ್ ಕರೆಂಟ್ ಹೋಯಿತು. ಏರಿನ ನೀರೆಲ್ಲ ಒಮ್ಮೆಲೇ ಹಿಂದಕ್ಕೆ ಬಂದು ಗುದ್ದಿತು. ದೂರದಲ್ಲಿ ನಿಂತಿದ್ದ ನನಗೆ ಧಡ್ ಅಂತ ಕೇಳಿಸಿತು. ಹೋಗಿ ನೋಡಿದರೆ ಬೆಂಡ್ ಜಾಯಿಂಟ್‌ನಿಂದ ಕಳಚಿ ಒಂದು ಗೇಣು ಸರಿದಿತ್ತು, ಉಳ್ಳಾಗಡ್ಡಿ ಮಡಿಗಳು ತೇಲುತ್ತಿದ್ದವು. ಮರುದಿನವೇ ಬೆಳೆ ನಷ್ಟ ಕೊಟ್ಟೆ. ಎಲ್ಲ ತಿರುವುಗಳಿಗೂ ಬ್ಲಾಕ್ ಕಟ್ಟಿದೆ. ಮೋಟರ್ ಬುಡದಲ್ಲಿ ನೀರು ಹಿಂದಕ್ಕೆ ಬರದಂತೆ ತಡೆಯುವ ಒಳ್ಳೆಯ ನಾನ್‌ರಿಟರ್ನ್ ವಾಲ್ವ್, ಕೆಳಗಿನ 600 ಮೀಟರ್‌ಗೆ 6 ಕೆಜಿ ಒತ್ತಡದ ಪೈಪು ತೆಗೆದು 10 ಕೆಜಿ ಒತ್ತಡದ ಪೈಪು. ಆ ಹೊಲದವನು ಪಾಳಿ ಬಿಡಲಿಲ್ಲ, ಬ್ಲಾಕಿಗೆ ಕಲ್ಲು ಹೊತ್ತು ತಂದವನೂ ಅವನೇ.

ಅಲ್ಲಿ ಸುಡಾನ್‌ಗಳ ನಡುವೆ 2012ರ ಸೆಪ್ಟೆಂಬರ್‌ನಲ್ಲಿ ಕರಾರಾಗಿತ್ತು. ಲೈನ್ ನೋಡಿ ಬ್ಯಾರೆಲ್‌ಗೆ 9 ಡಾಲರ್ 10 ಸೆಂಟ್, ಇಲ್ಲವೇ 11 ಡಾಲರ್. ಜೊತೆಗೆ ಕೆಲವು ವರ್ಷ ಪರಿಹಾರದ ಹಣ. 2013ರ ಏಪ್ರಿಲ್‌ನಲ್ಲಿ ತೈಲ ಮತ್ತೆ ಹರಿಯಿತು. ಆದರೆ 2023ರಲ್ಲಿ ಉತ್ತರದಲ್ಲೇ ಯುದ್ಧ ಶುರುವಾಯಿತು. ದಕ್ಷಿಣದ ದಾರ್ ಬ್ಲೆಂಡ್ ತೈಲದಲ್ಲಿ ಮೇಣ ಜಾಸ್ತಿ, ದಾರಿಯಲ್ಲಿ ಬಿಸಿ ಮಾಡುತ್ತಲೇ ಕಳಿಸಬೇಕು. ಪಂಪ್ ಸ್ಟೇಷನ್‌ಗಳಿಗೆ ಡೀಸೆಲ್ ಸಿಗದೆ 2024ರ ಫೆಬ್ರವರಿಯಲ್ಲಿ ತೈಲ ಪೈಪಿನೊಳಗೇ ಹೆಪ್ಪುಗಟ್ಟಿತು. ಅದೇ ವರ್ಷ ನೈಜರ್‌ನ ತೈಲ ಸುಮಾರು 2,000 ಕಿಲೋಮೀಟರ್ ಹರಿದು ಬೆನಿನ್ ಬಂದರು ಮುಟ್ಟಿತು, ಗಡಿ ಜಗಳಕ್ಕೆ ಬೆನಿನ್ ಕೆಲವು ದಿನ ಅದನ್ನು ಹಡಗಿಗೆ ತುಂಬಲು ಬಿಡಲಿಲ್ಲ.

ನಮ್ಮ ಹತ್ತು ವರ್ಷದ ಕರಾರು ಮುಗಿದದ್ದೂ 2024ರಲ್ಲೇ. ಮತ್ತೆ ಎಲ್ಲರೂ ಅದೇ ಕಟ್ಟೆ ಮೇಲೆ ಕೂತೆವು. ಕಾಕಾ ಈಗಿಲ್ಲ, ಅವನ ಮಗ ಬಂದಿದ್ದ. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ಇಳಿದಾಗ ಮೊದಲು ತನ್ನ ಮೋಟರ್ ಓಡಬೇಕು, ಆಮೇಲೆ ನನ್ನದು ಅಂದ. ನ್ಯಾಯದ ಮಾತು, ಒಪ್ಪಿದೆ. ಬಾಡಿಗೆ ಪಡೆಯುತ್ತಿದ್ದ ಮೂವರಲ್ಲಿ ಒಬ್ಬ ಬಾಡಿಗೆ ಬೇಡ, ನನಗೂ ಟೀ ಹಾಕು ಅಂದ. ಈ ವಾರ ಅವನ ಬದುವಿನಲ್ಲಿ ಗುಂಡಿ ತೋಡುತ್ತಿದ್ದೇನೆ. ಬೆಂಡ್ ಬರುವ ಜಾಗಕ್ಕೆ ಬ್ಲಾಕಿನ ಸಿಮೆಂಟ್ ಆಗಲೇ ತಂದಿಟ್ಟಿದ್ದೇನೆ.