ಉಬುಂಟು ಹಿಡಿದು ಒಂದು ಜಗಳವನ್ನು ಬಿಡಿಸುವುದು ಹೇಗೆ?

ಉಬುಂಟು ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಕಂಪ್ಯೂಟರಿನ ತಂತ್ರಾಂಶ. ಅದಕ್ಕೆ ಆ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದ ಜುಲು, ಖೋಸಾ ಭಾಷೆಗಳಿಂದ. ಅಲ್ಲಿ ಅದೊಂದು ನೀತಿಚಿಂತನೆ. ನ್ಯಾಯಾಧೀಶರು ಮರಣದಂಡನೆ, ಮಾನನಷ್ಟ, ಮನೆ ತೆರವಿನ ತೀರ್ಪುಗಳಲ್ಲಿ ಅದನ್ನು ಬಳಸಿದ್ದಾರೆ. ತತ್ವಶಾಸ್ತ್ರ ಓದುವವರೂ ಸಂಧಾನಕ್ಕೆ ಕೂರುವವರೂ ಅದನ್ನು ನಿಜವಾದ ವಿವಾದಕ್ಕೆ ಹೇಗೆ ಹಚ್ಚಬಹುದು ಎಂಬುದನ್ನು ಇಲ್ಲಿ ಹೇಳಿದೆ. ಉದಾಹರಣೆಗೆ ಪೋರ್ಟ್ ಎಲಿಜಬೆತ್ ನಗರಾಡಳಿತ ಹೂಡಿದ ಮನೆ ತೆರವಿನ ಪ್ರಕರಣ. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2004ರ ಅಕ್ಟೋಬರ್ 1ರಂದು ಅದರ ತೀರ್ಪು ಕೊಟ್ಟಿತು.

ಮೊದಲು ಪದ ಬಿಡಿಸಿಕೊಳ್ಳಿ

ಧಾತು ‘ಂಟು’. ‘ಉಮುಂಟು’ ಎಂದರೆ ಒಬ್ಬ ಮನುಷ್ಯ, ‘ಅಬಂಟು’ ಎಂದರೆ ಮನುಷ್ಯರು, ‘ಉಬುಂಟು’ ಎಂದರೆ ಮನುಷ್ಯತನ. ಕನ್ನಡದ ‘ತನ’ ಪದದ ಕೊನೆಗೆ ಅಂಟುತ್ತದೆ, ಅಲ್ಲಿಯ ‘ಉಬು’ ಪದದ ಮೊದಲಿಗೆ ಅಂಟುತ್ತದೆ. ‘ಉಮುಂಟು ಙ್ಗುಮುಂಟು ಙ್ಗಬಂಟು’ ಎಂಬ ಗಾದೆಯ ಅರ್ಥ: ಮನುಷ್ಯ ಮನುಷ್ಯನಾಗುವುದು ಮನುಷ್ಯರಿಂದ. ಇದನ್ನು ‘ಊರು ಹೇಳಿದ್ದೇ ಸರಿ’ ಎಂದು ಓದಿಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಗಾದೆ ಸಂಬಂಧದ ಮಾತಾಡುತ್ತಿದೆ, ಬಹುಮತದ ಮಾತನ್ನಲ್ಲ.

ಯಾರ ವಾದ ಹಿಡಿಯುತ್ತೀರಿ ಎಂದು ಬರೆದಿಡಿ

‘ಆಫ್ರಿಕಾದ ತತ್ವ ಹೀಗೆನ್ನುತ್ತದೆ’ ಎಂದು ಶುರು ಮಾಡಬೇಡಿ. ಅಲ್ಲಿಯ ಚಿಂತಕರ ನಡುವೆಯೇ ಜೋರಾದ ಭಿನ್ನಾಭಿಪ್ರಾಯವಿದೆ. ನೈಜೀರಿಯಾದ ಇಫೆಯಾನಿ ಮೆಂಕಿಟಿ 1984ರಲ್ಲಿ ವ್ಯಕ್ತಿತ್ವ ಹುಟ್ಟಿನಿಂದ ಬರುವುದಲ್ಲ, ಸಮುದಾಯದೊಳಗೆ ಬಾಳಿ ಗಳಿಸುವುದು ಎಂದರು. ಘಾನಾದ ಕ್ವಾಮೆ ಜೆಕ್ಯೆ ಇದನ್ನು ಒಪ್ಪಲಿಲ್ಲ. ಸಮುದಾಯಕ್ಕೆ ಎಷ್ಟು ತೂಕವೋ ವ್ಯಕ್ತಿಯ ಹಕ್ಕಿಗೂ ಅಷ್ಟೇ ತೂಕ ಎಂದರು. ಮನೆ ತೆರವಿನಂಥ ವಿವಾದಕ್ಕೆ ಹೆಚ್ಚು ಕೈಗೆ ಬರುವುದು ತತ್ವಜ್ಞ ಥ್ಯಾಡಿಯಸ್ ಮೆಟ್ಜ್ 2007ರಲ್ಲಿ ಕೊಟ್ಟ ರೂಪ. ಅದರಲ್ಲಿ ಒಳ್ಳೆಯ ಸಂಬಂಧಕ್ಕೆ ಎರಡು ಎಳೆಗಳಿವೆ: ‘ನಾವು’ ಎಂದುಕೊಂಡು ಒಟ್ಟಿಗೆ ಬಾಳುವುದು, ಒಬ್ಬರ ಒಳಿತನ್ನು ಇನ್ನೊಬ್ಬರು ನೋಡಿಕೊಳ್ಳುವುದು. ಎರಡನೆಯ ಎಳೆಯನ್ನು ಬಿಟ್ಟರೆ ಉಳಿಯುವುದು ಬರೀ ಗುಂಪುಗಾರಿಕೆ.

ಸಂಬಂಧಗಳ ಪಟ್ಟಿ ಮಾಡಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಪೋರ್ಟ್ ಎಲಿಜಬೆತ್ ಪ್ರಕರಣದಲ್ಲಿ ಖಾಸಗಿ ಜಮೀನಿನಲ್ಲಿ 29 ಜೋಪಡಿಗಳು, ಅವುಗಳಲ್ಲಿ 68 ಜನ, ಅವರಲ್ಲಿ 23 ಮಕ್ಕಳು. ಎರಡರಿಂದ ಎಂಟು ವರ್ಷಗಳಿಂದ ಅಲ್ಲೇ ವಾಸ. ಅವರನ್ನು ಒಕ್ಕಲೆಬ್ಬಿಸಿ ಎಂದು ಅಕ್ಕಪಕ್ಕದ 1,600 ಜನ ಸಹಿ ಹಾಕಿದ್ದರು. ಸಹಿ ಹಾಕಿದವರಲ್ಲಿ ಜಮೀನಿನ ಮಾಲೀಕರೂ ಇದ್ದರು. ಬೇರೆ ಬಡಾವಣೆಗೆ ಹೋಗಿ ಎಂದರೆ ಅಲ್ಲಿ ಕಳ್ಳಕಾಕರ ಭಯ, ಅಲ್ಲಿಂದಲೂ ಮತ್ತೆ ಎಬ್ಬಿಸುತ್ತಾರೇನೋ ಎಂಬ ಅಂಜಿಕೆ.

ಈಗ ಒಂದು ಹಾಳೆಯಲ್ಲಿ ಜೋಡಿಗಳನ್ನು ಬರೆಯಿರಿ: ಮಾಲೀಕರು ಮತ್ತು ವಾಸಿಗಳು, ನೆರೆಯವರು ಮತ್ತು ವಾಸಿಗಳು, ನಗರಾಡಳಿತ ಮತ್ತು ಈ ಮೂವರೂ. ಪ್ರತಿ ಜೋಡಿಯ ಮುಂದೆ ಎರಡು ಪ್ರಶ್ನೆ: ಇವರು ಒಬ್ಬರ ಮಾತನ್ನೊಬ್ಬರು ಎದುರು ಕೂತು ಕೇಳಿದ್ದಾರೆಯೇ? ಯಾರ ಒಳಿತಿಗೆ ಯಾರು ಏನು ಮಾಡಿದ್ದಾರೆ? ಈ ಪ್ರಕರಣದಲ್ಲಿ ಪೊಳ್ಳು ಕಾಣುವುದು ಕೊನೆಯ ಜೋಡಿಯಲ್ಲಿ. ನಗರಾಡಳಿತ ಮೊಕದ್ದಮೆ ಹೂಡುವ ಮುನ್ನ ಆ ಕುಟುಂಬಗಳ ಅಹವಾಲನ್ನು ಗಂಭೀರವಾಗಿ ಕೇಳಿರಲಿಲ್ಲ. ಪಟ್ಟಿ ಮಾಡದಿದ್ದರೆ ಇದು ಮಾಲೀಕರು ಒಂದು ಕಡೆ, ಬಡವರು ಇನ್ನೊಂದು ಕಡೆ ನಿಂತ ಜಗಳವಾಗಿಯಷ್ಟೇ ಕಾಣುತ್ತದೆ, ಹೊಣೆ ಹೊತ್ತವರು ಕಣ್ಣಿಗೆ ಬೀಳುವುದಿಲ್ಲ.

ಪ್ರತಿ ಪರಿಹಾರವನ್ನೂ ಅದೇ ಎರಡು ಎಳೆಗೆ ಹಿಡಿಯಿರಿ

ಕೂಡಲೇ ತೆರವು ಮಾಡಿದರೆ ಎರಡೂ ಎಳೆ ಹರಿಯುತ್ತವೆ. ಏನೂ ಮಾಡದೆ ಬಿಟ್ಟರೆ ಮಾಲೀಕರ ಹಕ್ಕು ಬರೀ ಕಾಗದದ ಮೇಲುಳಿಯುತ್ತದೆ, ನೆರೆಯವರ ಸಿಟ್ಟೂ ಆರುವುದಿಲ್ಲ. ನ್ಯಾಯಮೂರ್ತಿ ಆಲ್ಬೀ ಸಾಕ್ಸ್ ಮೂರನೆಯ ದಾರಿ ಹಿಡಿದರು: ಸಾಧ್ಯವಿದ್ದ ಕಡೆ ಮೊದಲು ಸಂಧಾನ; ನೆಲೆಯೂರಿದವರಿಗೆ ತಾತ್ಕಾಲಿಕವಾಗಿಯಾದರೂ ಒಪ್ಪತಕ್ಕ ಬದಲಿ ಜಾಗವಿದೆ ಎಂದು ಖಾತ್ರಿಯಾಗದೆ ತೆರವಿಗೆ ಆದೇಶ ಕೊಡಲು ನ್ಯಾಯಾಲಯ ಹಿಂಜರಿಯಬೇಕು. ತೆರವಿನ ಆದೇಶ ಸಿಗಲಿಲ್ಲ.

ಇಲ್ಲಿ ಕಾನೂನನ್ನು ಬದಿಗೆ ಸರಿಸಿಲ್ಲ ಎಂಬುದನ್ನು ಗಮನಿಸಿ. ಎಲ್ಲ ಸಂಗತಿಗಳನ್ನೂ ಪರಿಶೀಲಿಸಿದ ನ್ಯಾಯಾಲಯದ ಆದೇಶವಿಲ್ಲದೆ ಯಾರನ್ನೂ ಮನೆಯಿಂದ ಹೊರಹಾಕುವಂತಿಲ್ಲ ಎಂದು 1996ರ ಸಂವಿಧಾನದ 26ನೇ ವಿಧಿ ಹೇಳುತ್ತದೆ. ತೆರವು ನ್ಯಾಯಸಮ್ಮತವೂ ಸಮಂಜಸವೂ ಆಗಿರಬೇಕು ಎಂದು ಅಕ್ರಮ ತೆರವನ್ನು ತಡೆಯುವ 1998ರ ಕಾಯ್ದೆ ಹೇಳುತ್ತದೆ. ‘ಸಮಂಜಸ’ ಎಂದರೇನು ಎಂದು ಬಿಡಿಸಿ ಹೇಳುವ ಜಾಗದಲ್ಲಿ ಉಬುಂಟು ಬಂತು. ನೀವೂ ಅದನ್ನು ಅಂಥ ಜಾಗದಲ್ಲೇ ಇಡಿ. ಹಕ್ಕಿನ ಬದಲಿಗೆ ತಂದು ಇಡಬೇಡಿ.

ಎಲ್ಲಿ ಕೆಡುತ್ತದೆ

ಅತಿ ಹೆಚ್ಚು ಕೆಡುವುದು ಕ್ಷಮೆಯ ವಿಷಯದಲ್ಲಿ. 1993ರ ಮಧ್ಯಂತರ ಸಂವಿಧಾನದ ಕೊನೆಯ ಭಾಗದಲ್ಲಿ ಅರಿವು ಬೇಕು, ಸೇಡು ಬೇಡ; ಪರಿಹಾರ ಬೇಕು, ಪ್ರತೀಕಾರ ಬೇಡ; ಉಬುಂಟು ಬೇಕು, ಬಲಿಪಶು ಮಾಡುವುದು ಬೇಡ ಎಂಬ ಅರ್ಥದ ಮಾತಿದೆ. ಎಲ್ಲರೂ ಮೊದಲನೆಯದನ್ನೂ ಕೊನೆಯದನ್ನೂ ಎತ್ತಿ ಹೇಳುತ್ತಾರೆ. ನಡುವಿನ ‘ಪರಿಹಾರ’ ಬಿಟ್ಟುಹೋಗುತ್ತದೆ. ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ ಸತ್ಯ ಮತ್ತು ಸಮನ್ವಯ ಆಯೋಗ ಸಂತ್ರಸ್ತರಿಗೆ ಆರು ವರ್ಷ ವಾರ್ಷಿಕ ಸಹಾಯಧನ ಕೊಡಿ ಎಂದಿತ್ತು. 2003ರಲ್ಲಿ ಸರ್ಕಾರ ಘೋಷಿಸಿದ್ದು ಒಂದೇ ಸಲದ 30,000 ರ‍್ಯಾಂಡ್. ನೊಂದವರಿಗೆ ಸಲ್ಲಬೇಕಾದದ್ದು ಸಲ್ಲದೆ ‘ಉಬುಂಟು ತೋರಿಸಿ’ ಎನ್ನುವುದು ಅನ್ಯಾಯ. ನಿಮ್ಮ ಟಿಪ್ಪಣಿಯಲ್ಲಿ ಯಾರು ಯಾರಿಗೆ ಏನು ಕೊಡಬೇಕು, ಯಾವ ತಾರೀಕಿನೊಳಗೆ ಎಂಬ ಸಾಲು ಇರಲೇಬೇಕು.

ಎರಡನೆಯದು ಒಮ್ಮತದ ಹೆಸರಲ್ಲಿ ಬಾಯಿ ಮುಚ್ಚಿಸುವುದು. ಘಾನಾದ ಕ್ವಾಸಿ ವಿರೆಡು ಇದಕ್ಕೊಂದು ಸೂಕ್ಷ್ಮವಾದ ಭೇದ ಹೇಳಿದ್ದಾರೆ: ಏನು ಮಾಡಬೇಕು ಎಂಬುದಕ್ಕೆ ಒಪ್ಪಿದರೆ ಸಾಕು, ಏನನ್ನು ನಂಬಬೇಕು ಎಂಬುದಕ್ಕೆ ಒಪ್ಪಬೇಕಿಲ್ಲ. ಅಕಾನ್ ಜನರ ಎರಡು ತಲೆ, ಒಂದೇ ಹೊಟ್ಟೆಯ ಮೊಸಳೆಯನ್ನು ಅವರು ನೆನಪಿಸುತ್ತಾರೆ. ಊಟಕ್ಕಾಗಿ ತಲೆಗಳೆರಡೂ ಕಚ್ಚಾಡುತ್ತವೆ, ಊಟ ಹೋಗುವುದು ಒಂದೇ ಹೊಟ್ಟೆಗೆ. ಎಲ್ಲರ ಹಿತವೂ ನಿಜವಾಗಿ ಒಂದೇ ಎಂದು ತೀರ್ಮಾನಿಸುವವರು ಯಾರು ಎಂದು ನೈಜೀರಿಯಾದ ತತ್ವಜ್ಞ ಇಮ್ಯಾನುಯೆಲ್ ಎಜೆ ತಿರುಗಿ ಕೇಳಿದರು. ಆ ಆಕ್ಷೇಪ ಇಂದಿಗೂ ಗಟ್ಟಿಯಾಗಿದೆ. ಹಾಗಾಗಿ ಸಭೆಯ ನಡಾವಳಿಯಲ್ಲಿ ಒಪ್ಪದವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ, ಅವರಿಗೆ ಓದಿ ತೋರಿಸಿ.

ಮೂರನೆಯದು ಅಲಂಕಾರದ ಬಳಕೆ. ಬರೆದದ್ದರಲ್ಲಿ ‘ಉಬುಂಟು’ ಎಂದಿರುವ ಕಡೆಯೆಲ್ಲ ಹೊಡೆದುಹಾಕಿ ಮತ್ತೆ ಓದಿ. ತೀರ್ಮಾನಕ್ಕೆ ಕೊಟ್ಟ ಕಾರಣಗಳಲ್ಲಿ ಏನೂ ಕಡಿಮೆಯಾಗಿಲ್ಲವೆಂದರೆ ಪದ ಕೆಲಸ ಮಾಡಿಲ್ಲ. ಸಂಬಂಧಗಳ ಪಟ್ಟಿಗೆ ವಾಪಸ್ ಹೋಗಿ, ಖಾಲಿ ಬಿಟ್ಟ ಜೋಡಿ ಯಾವುದೆಂದು ಹುಡುಕಿ.